ಹದಿನೇಳು ಪದಗಳ ಮಾತು

ಹಾರ್ಲನ್ ಫ್ಲಾಟ್, ನೆಬ್ರಾಸ್ಕಾ
ಸೋಮವಾರ, ಸೆಪ್ಟೆಂಬರ್ 15, 2014

ಕೋಲ್ಬಿ,

ನಿನ್ನೆಯ ಫುಟ್‌ಬಾಲ್ ಆಟ ಟೀವಿಯಲ್ಲಿ ನೋಡಿದೆ. ನೋಡಿ ಮುಗಿಸಿದ ಮೇಲೆ ಹೊರಗೆ ಹೋಗಿ, ಏನೂ ಆಗದೆ ನೆಟ್ಟಗೆ ನಿಂತಿದ್ದ ಬೇಲಿಯನ್ನು ಒಂದು ಗಂಟೆ ರಿಪೇರಿ ಮಾಡಿದೆ. ನಿನ್ನ ಅಜ್ಜಿ ಅಡುಗೆಮನೆ ಕಿಟಕಿಯಿಂದ ನೋಡುತ್ತಾ ನಗುತ್ತಿದ್ದಳು. ಆರ್ಡಿಸ್‌ಗೆ ಇಂಥದ್ದಕ್ಕೆಲ್ಲ ನಗು ಬರುತ್ತದೆ, ನನಗೆ ಬರುವುದಿಲ್ಲ.

ನನ್ನ ಕಿವಿ ಪೂರ್ತಿ ಹೋಗಿ ಎರಡು ವರ್ಷವಾಯಿತು. ನಲವತ್ತೊಂದು ವರ್ಷ ತಲೆಯ ಪಕ್ಕದಲ್ಲೇ ಧ್ವನಿವರ್ಧಕ ಇಟ್ಟುಕೊಂಡು ದನದ ಹರಾಜು ಕೂಗಿದವನಿಗೆ ಇನ್ನೇನಾಗಬೇಕು. ಟೀವಿಯಲ್ಲಿ ಬಡಬಡಿಸುವ ಪಂಡಿತರ ಮಾತು ಕೇಳಿಸುವುದಿಲ್ಲ, ಅದೊಂದು ಪುಣ್ಯ. ಆದರೆ ಬಾಯಿಗಳನ್ನು ಓದುವುದು ಈಗ ನನಗೆ ಅಭ್ಯಾಸವಾಗಿಬಿಟ್ಟಿದೆ. ನಿನ್ನೆ ನಿನ್ನ ಬಾಯಿಯನ್ನೂ ಓದಿದೆ.

ಆಟದ ದ್ವಿತೀಯಾರ್ಧ. ನಿನ್ನ ಕಡೆಯ ಹತ್ತು ಜನ ಸುತ್ತ ಬಗ್ಗಿ ನಿಂತು, ಮುಂದಿನ ನಡೆ ಯಾವುದು ಎಂದು, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆದ ನಿನ್ನ ಮುಖ ನೋಡುತ್ತಿದ್ದರು. ಎರಡು ದೊಡ್ಡ ಬೆನ್ನುಗಳ ಸಂದಿನಲ್ಲಿ ಕ್ಯಾಮೆರಾಗೆ ನಿನ್ನ ಮುಖ ಸಿಕ್ಕಿತು. ನೀನು ನಾಲ್ಕು ಪದ ಹೇಳಿದೆ. ನಿಂತೆ. ತುಟಿ ನೆಕ್ಕಿಕೊಂಡೆ. ಮತ್ತೆ ಅವೇ ನಾಲ್ಕು ಪದ ಹೇಳಿದೆ. ಅಷ್ಟರಲ್ಲಿ ಸಮಯ ಮುಗಿದು ಅಂಪೈರು ಹಳದಿ ಬಟ್ಟೆ ಎಸೆದ, ದಂಡಕ್ಕೆ ಐದು ಗಜ ಹಿಂದಕ್ಕೆ ಹೋದಿರಿ. ಒಂದೇ ಆಟದಲ್ಲಿ ಇದು ಮೂರು ಸಲ! ಇಡೀ ದೇಶದ ಕಾಲೇಜು ಹುಡುಗರನ್ನು ಸಾಲಾಗಿ ನಿಲ್ಲಿಸಿ ದೊಡ್ಡ ಕ್ಲಬ್ಬುಗಳು ಆರಿಸಿದಾಗ ಎರಡನೆಯವನಾಗಿ ಆರಿಸಿಕೊಂಡದ್ದು ನಿನ್ನನ್ನು. ಎರಡು ವರ್ಷದ ಹಿಂದೆ ಅವತ್ತು ಈ ಊರಿನವರು ಅಗ್ನಿಶಾಮಕ ದಳದ ಗಾಡಿಯ ಮೇಲೆ ಹತ್ತಿ ಕುಣಿದಿದ್ದರು.

ಈಗ ಹರಾಜುಮನೆಯ ಕೆಫೆಯಲ್ಲಿ ಚಿಲ್ಲಿ ಅನ್ನುವ ಮಾಂಸದ ಸಾರಿಗೆ ದಾಲ್ಚಿನ್ನಿ ರೋಲ್ ಅದ್ದಿಕೊಂಡು ಒಬ್ಬೊಬ್ಬರು ಒಂದೊಂದು ಶಾಸ್ತ್ರ ಹೇಳುತ್ತಾರೆ. "ದುಡ್ಡು ಜಾಸ್ತಿ ಆಯ್ತು ಕಣಯ್ಯಾ, ಇನ್ಯಾಕೆ ಮೈ ಬಗ್ಗಿಸ್ತಾನೆ?" ಅನ್ನುವವನೊಬ್ಬ. "ಅವನ ಮುಂದೆ ಕಾವಲು ನಿಲ್ಲೋ ದಡಿಯರು ಸರಿ ಇಲ್ಲ, ಪಾಪ ಹುಡುಗ ಏನ್ ಮಾಡ್ತಾನೆ" ಅನ್ನುವವನೊಬ್ಬ. ನನ್ನ ಜಾಗದಲ್ಲಿ ಈಗ ಹರಾಜು ಕೂಗುವ ಡ್ವೇನ್ ಇದ್ದಾನಲ್ಲ, ಅವನು ನಿನ್ನ ಅಂಗೈ ಚಿಕ್ಕದು ಅನ್ನುತ್ತಾನೆ. ಅವರೆಲ್ಲರ ಬಾಯಿ ಓದಿ ಓದಿ ನನ್ನ ತಲೆ ಚಿಟ್ಟು ಹಿಡಿದಿದೆ. ಏನಾಗಿದೆ ನಿನಗೆ? ನೆಟ್ಟಗೆ ಬರೆದು ತಿಳಿಸು. ಫೋನಿಗೆ ಸಂದೇಶ ಕಳಿಸಬೇಡ, ನನ್ನ ಒಂದು ಬೆರಳು ಅದರಲ್ಲಿ ಮೂರು ಅಕ್ಷರ ಒತ್ತುತ್ತದೆ.

ನಿನ್ನ ತಾತ
ವೆಂಡೆಲ್ ಹಾಲ್ಬರ್ಗ್


ಲೂಯಿವಿಲ್
ಸೆಪ್ಟೆಂಬರ್ 26

ತಾತಾ,

ನಿನ್ನ ಪತ್ರ ಬಂದು ವಾರವಾಯಿತು. ಉತ್ತರ ಬರೆಯುವಷ್ಟು ಸಮಾಧಾನ ಇರಲಿಲ್ಲ. ಇಲ್ಲಿ ಪತ್ರಿಕೆಯವರು ದಿನಾ ಕೇಳುವುದನ್ನೇ ನೀನೂ ಕೇಳಿದ್ದೀಯ, ಇನ್ನಷ್ಟು ಜೋರಾಗಿ.

ಮಣಿಕಟ್ಟು ನೋಯುತ್ತಿದೆ, ಅದು ಒಂದು ಕಾರಣ. ಇನ್ನೊಂದನ್ನು ಬಿಡಿಸಿ ಹೇಳುತ್ತೇನೆ. ಒಂದು ನಡೆ ಮುಗಿದ ಕೂಡಲೇ ನಲವತ್ತು ಸೆಕೆಂಡಿನ ಗಡಿಯಾರ ಓಡಲು ಶುರು. ಗೆರೆಯಾಚೆ ನಿಂತ ಕೋಚ್ ಬ್ರಾಂಡ್ಟ್ ನನ್ನ ಹೆಲ್ಮೆಟ್ಟಿನ ಒಳಗಿರುವ ರೇಡಿಯೊದಲ್ಲಿ ಮುಂದಿನ ನಡೆಯ ಹೆಸರು ಹೇಳುತ್ತಾರೆ. ಹೆಸರು ಅಂದರೆ ನಿನ್ನ ಎತ್ತಿನ ಹೆಸರಿನ ಹಾಗಲ್ಲ. "ಹಸಿರು ಬಲ ಜೋಡಿ ಹತ್ತಿರ, ಎಫ್ ಎಡಕ್ಕೆ, ಇನ್ನೂರ ಎಪ್ಪತ್ನಾಲ್ಕು ಓಕ್ಲಾ, ಝಡ್ ಮೂಲೆ, ವೈ ಅಡ್ಡ, ಎಕ್ಸ್ ನೇರ, ಎರಡರ ಮೇಲೆ." ಹದಿನೇಳು ಪದ. ಯಾರು ಎಲ್ಲಿ ನಿಲ್ಲಬೇಕು, ಯಾರು ಎಲ್ಲಿಗೆ ಓಡಬೇಕು, ನಾನು ಎಷ್ಟನೇ ಕೂಗಿಗೆ ಚೆಂಡು ತೆಗೆದುಕೊಳ್ಳುತ್ತೇನೆ, ಎಲ್ಲ ಅದರಲ್ಲೇ ಇದೆ. ಹದಿನೈದು ಸೆಕೆಂಡು ಉಳಿದಾಗ ರೇಡಿಯೊ ತಾನಾಗಿ ನಿಂತುಹೋಗುತ್ತದೆ, ಅದು ನಿಯಮ. ಆಮೇಲೆ ನಾನೊಬ್ಬನೇ. ಅಷ್ಟನ್ನೂ ಒಂದಕ್ಷರ ಬಿಡದೆ ಹತ್ತು ಜನಕ್ಕೆ ಹೇಳಬೇಕು.

ಕಾಲೇಜಿನಲ್ಲಿ ಈ ರಗಳೆಯೇ ಇರಲಿಲ್ಲ. ಅಲ್ಲಿ ಹಲಗೆ ಇತ್ತು, ನಿನಗೂ ಗೊತ್ತಲ್ಲ. ನಾಲ್ಕು ಚಿತ್ರದ ಹಲಗೆಯನ್ನು ಗೆರೆಯಾಚೆಯಿಂದ ಎತ್ತಿ ಹಿಡಿಯುತ್ತಿದ್ದರು. ಎತ್ತಿನ ತಲೆ, ಛತ್ರಿ, ಏಣಿ, ಟ್ರ್ಯಾಕ್ಟರು. ಹನ್ನೊಂದು ಜನರೂ ತಲೆಯೆತ್ತಿ ನೋಡಿಕೊಂಡರೆ ಮುಗಿಯಿತು, ಯಾರೂ ತುಟಿ ಪಿಟಕ್ಕೆನ್ನಬೇಕಾಗಿರಲಿಲ್ಲ. ನಮ್ಮೂರಿನ ಹೈಸ್ಕೂಲಿನಲ್ಲೂ ಹಾಗೆಯೇ ಆಡಿದ್ದೆ. ಬ್ರಾಂಡ್ಟ್ ಹಳೇ ಕಾಲದವರು, ಹಲಗೆ ಅಂದರೆ ಅವರಿಗೆ ಮಕ್ಕಳ ಆಟ.

ಇಷ್ಟೇ ವಿಷಯ. ಅಭ್ಯಾಸವಾದರೆ ಸರಿಹೋಗುತ್ತದೆ. ದಯವಿಟ್ಟು ಡ್ವೇನ್‌ಗೆ ನನ್ನ ಅಂಗೈ ಅಳತೆ ಕೊಡಬೇಡ.

ಕೋಲ್ಬಿ


ಹಾರ್ಲನ್ ಫ್ಲಾಟ್
ಅಕ್ಟೋಬರ್ 6

ಕೋಲ್ಬಿ,

ಹದಿನೇಳು ಪದ! ಅಷ್ಟೇನಾ? ನಾನು ಒಂದು ಉಸಿರಿನಲ್ಲಿ ಮೂವತ್ತು ಅಂಕಿ ಕೂಗಿ, ನಡುವೆ ಹಿಂದಿನ ಬೆಂಚಿನವನಿಗೆ ಟೋಪಿ ತೆಗೆಯೋ ಅಂತ ಬೈದು, ಕರುವನ್ನೂ ಮಾರಿದವನು. ನನ್ನ ರಕ್ತ ಹರಿಯುವ ಮೈಯಲ್ಲಿ ನಾಲಿಗೆ ಹೀಗೆ ಕೈಕೊಡುತ್ತದೆ ಅಂದರೆ ನಾನು ಯಾರಿಗೆ ಹೇಳಿಕೊಳ್ಳಲಿ.

ನಿನ್ನ ಪತ್ರ ಬಂದ ದಿನ ಆ ಮಾತನ್ನು ಬಾಯಿಪಾಠ ಮಾಡಿಬಿಟ್ಟೆ. ಕೊಟ್ಟಿಗೆಯಲ್ಲಿ ಹೇಳಿದೆ. ಊಟದ ಮೇಜಿನಲ್ಲಿ ಹೇಳಿದೆ. ಆರ್ಡಿಸ್ ಚಮಚ ಕೆಳಗಿಟ್ಟು, ನನಗೆ ಕಾಣುವ ಹಾಗೆ ಮುಖ ತಿರುಗಿಸಿ, "ವೈ ಅಡ್ಡ ಬಿಟ್ರಿ" ಅಂದಳು. ನಾನು ಬಿಟ್ಟಿರಲಿಲ್ಲ. ಮತ್ತೆ ಹೇಳಿದೆ. "ಈಗಲೂ ಬಿಟ್ರಿ" ಅಂದಳು. ಸರಿ, ಬಿಟ್ಟಿರಬಹುದು. ಎಪ್ಪತ್ತೆರಡು ವರ್ಷದವನು ಬಿಟ್ಟರೆ ನಡೆಯುತ್ತದೆ, ನೀನು ಬಿಟ್ಟರೆ ನಡೆಯುವುದಿಲ್ಲ.

ನನಗೆ ನೆತ್ತಿಗೇರಿರುವುದು ಬೇರೆ. ಆರಿಸುವ ಮೊದಲು ಅವರು ನಿನ್ನನ್ನು ಒಂದು ವಾರ ಇಟ್ಟುಕೊಂಡು ಪರೀಕ್ಷೆ ಮಾಡಿದರಲ್ಲ? ಚಡ್ಡಿಯಲ್ಲಿ ನಿಲ್ಲಿಸಿ ಎತ್ತರ ಅಳೆದರು, ತೂಕ ಮಾಡಿದರು, ಹೆಬ್ಬೆರಳಿನಿಂದ ಕಿರುಬೆರಳಿಗೆ ಟೇಪು ಹಿಡಿದರು, ನಲವತ್ತು ಗಜ ಓಡಿಸಿದರು, ಗೋಡೆಯ ಪಕ್ಕ ಎಗರಿಸಿದರು. ನಾನು ಮಾರುತ್ತಿದ್ದ ಹೋರಿಗೂ ಅಷ್ಟು ತಪಾಸಣೆ ಮಾಡುವವರನ್ನು ನಾನು ಕಂಡಿಲ್ಲ. ಆದರೆ ಹೋರಿ ಕೊಳ್ಳುವವನು ಅದನ್ನು ನಾಲ್ಕು ಹಸುಗಳ ನಡುವೆ ಬಿಟ್ಟು ನೋಡುತ್ತಾನೆ. ಕೂಗಿ ಹೇಳುವ ಕೆಲಸಕ್ಕೆ ನಿನ್ನನ್ನು ತೆಗೆದುಕೊಂಡವರು ಒಂದು ಸಲವಾದರೂ ನಿನ್ನ ಕೂಗು ಕೇಳಿದರೇ?

ಇದನ್ನೇ ನಿನ್ನ ಕೋಚ್ ಬ್ರಾಂಡ್ಟ್‌ಗೆ ಪತ್ರ ಬರೆದು ಕೇಳಿದ್ದೇನೆ. ಮೂರು ಪುಟ. ಹುಡುಗನನ್ನು ದಿನಾ ಬೆಳಿಗ್ಗೆ ಒಂದು ದೊಡ್ಡ ಡಬ್ಬಿಯ ಮೇಲೆ ಹತ್ತಿಸಿ ಕೂಗಿಸಿ, ಗಂಟಲು ಬಿಡುತ್ತದೆ ಅಂತಲೂ ಸಲಹೆ ಕೊಟ್ಟಿದ್ದೇನೆ. ಪುಕ್ಕಟೆ ಸಲಹೆ, ಬೇಕಾದರೆ ತೆಗೆದುಕೊಳ್ಳಲಿ.

ತಾತ


ಲೂಯಿವಿಲ್
ಅಕ್ಟೋಬರ್ 22

ತಾತಾ,

ನೀನು ಯಾಕೆ ಹೀಗೆ?

ಬ್ರಾಂಡ್ಟ್ ನಿನ್ನ ಮೂರು ಪುಟವನ್ನೂ ಸೋಮವಾರದ ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಡಬ್ಬಿಯ ಜಾಗ ಬಂದಾಗ ಐವತ್ತು ಜನ ನಕ್ಕರು. ಮಾರನೇ ದಿನ ನನ್ನ ಬೀರುವಿನ ಮುಂದೆ ಯಾರೋ ಹಾಲಿನ ದೊಡ್ಡ ಡಬ್ಬಿಯೊಂದನ್ನು ಮಗುಚಿಟ್ಟಿದ್ದರು. ಮೇಲೆ ಚಾಕ್‌ಪೀಸಿನಲ್ಲಿ ನನ್ನ ಹೆಸರು. ನಾನು ಅದರ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಂಡೆ, ಇನ್ನೇನು ಮಾಡಲಿ.

ಇನ್ನೊಂದು ವಿಷಯ ನೀನು ಪೇಪರಿನಲ್ಲಿ ಓದಿರುತ್ತೀಯ. ನನ್ನನ್ನು ಆಡಿಸದೆ ಹೊರಗೆ ಕೂರಿಸಿದ್ದಾರೆ. ನನ್ನ ಜಾಗದಲ್ಲಿ ಮೂವತ್ನಾಲ್ಕು ವರ್ಷದ ಮಾರ್ಲಿನ್ ಆಡುತ್ತಿದ್ದಾನೆ. ಅವನ ತೋಳಲ್ಲಿ ನನ್ನ ಅರ್ಧ ಬಲವಿಲ್ಲ. ಆದರೆ ಹದಿನೇಳು ಪದವನ್ನು ಅಂಗಡಿಯಲ್ಲಿ ಸಾಮಾನು ಕೇಳಿದಷ್ಟು ಸುಲಭವಾಗಿ ಹೇಳುತ್ತಾನೆ.

ನನಗೆ ಕೊಟ್ಟಿರುವ ಕೆಲಸ ಕೇಳಿದರೆ ನಿನಗೂ ನಗು ಬಂದೀತು. ಬುಧವಾರದ ಅಭ್ಯಾಸದಲ್ಲಿ ನಾನು ಮುಂದಿನ ವಾರದ ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಆಗಿ ನಟಿಸಬೇಕು, ನಮ್ಮ ತಡೆಯುವ ತಂಡಕ್ಕೆ ಅಭ್ಯಾಸವಾಗಲಿ ಅಂತ. ಎದುರಾಳಿಯ ನಡೆಗಳನ್ನು ಯಾರು ಬಾಯಿಪಾಠ ಮಾಡುತ್ತಾರೆ? ಅದಕ್ಕೆ ಒಬ್ಬ ಸಹಾಯಕ ದೊಡ್ಡ ರಟ್ಟಿನಲ್ಲಿ ಚಿತ್ರ ಬರೆದು ಮುಖದ ಮುಂದೆ ಹಿಡಿಯುತ್ತಾನೆ. ಹೌದು, ಚಿತ್ರ. ಹೋದ ಬುಧವಾರ ನಮ್ಮ ತಡೆಯುವ ತಂಡವನ್ನು ನಾನು ಹರಿದು ಹಾಕಿದೆ. ಹದಿನೆಂಟು ಎಸೆತದಲ್ಲಿ ಹದಿನೇಳು ಕೈ ಸೇರಿದವು. ಬ್ರಾಂಡ್ಟ್ ಟೋಪಿ ತೆಗೆದು ನೆಲಕ್ಕೆ ಬಡಿದು, "ಬುಧವಾರದ ದಿನ ಈ ಪ್ರಪಂಚದಲ್ಲೇ ನಿನ್ನಂಥೋನು ಇಲ್ಲ ಕಣೋ! ಭಾನುವಾರ ಎಲ್ಲಿಗ್ ಹೋಗಿ ಸಾಯ್ತೀಯ?" ಅಂದರು.

ಮಣಿಕಟ್ಟು ಸರಿಯಿದೆ ತಾತಾ. ಯಾವತ್ತೂ ಸರಿಯೇ ಇತ್ತು. ಪದಗಳೂ ಗೊತ್ತಿವೆ, ಸ್ನಾನದ ಮನೆಯಲ್ಲಿ ನಲವತ್ತು ಸಲ ಹೇಳುತ್ತೇನೆ. ಹತ್ತು ಮುಖ ನನ್ನತ್ತ ತಿರುಗಿದ ಕೂಡಲೇ ನಾಲ್ಕನೇ ಪದಕ್ಕೆ ನಿಂತುಬಿಡುತ್ತೇನೆ. ಯಾರೋ ಈಗ ಕೈ ಚಾಚಿ ನನ್ನಿಂದ ಮಾತನ್ನು ಕಿತ್ತುಕೊಳ್ಳುತ್ತಾರೆ ಅಂತ ಅನ್ನಿಸುತ್ತದೆ. ಇದು ಯಾವಾಗಿನಿಂದ ಅಂತ ನಿನಗೂ ಗೊತ್ತು.

ಕೋಲ್ಬಿ


ಹಾರ್ಲನ್ ಫ್ಲಾಟ್
ನವೆಂಬರ್ 3

ಕೋಲ್ಬಿ,

ಇಲ್ಲಿ ಮೊದಲ ಹಿಮ ಬಿತ್ತು, ನೆಲದ ಮೇಲೆ ನಿಲ್ಲಲಿಲ್ಲ. ಗುರುವಾರದ ಹರಾಜಿಗೆ ಇನ್ನೂರು ಕರು ಬಂದಿದ್ದವು. ಒಂದು ಕಪ್ಪು ಮುಖದ್ದು ಕಟಕಟೆ ಹಾರಿ ಕೆಫೆಯೊಳಗೆ ನುಗ್ಗಿ ಕಡುಬಿನ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿತ್ತು. ಡ್ವೇನ್ ಧ್ವನಿವರ್ಧಕ ಬದಲಾಯಿಸಿದ್ದಾನೆ. ನಿನ್ನ ಹೈಸ್ಕೂಲು ಕೋಚ್ ಹಾರ್ವಿ ಡಂಕೆಲ್‌ಗೆ ಮಂಡಿಯ ಆಪರೇಷನ್ ಆಯಿತು, ಕೋಲು ಹಿಡಿದು ಓಡಾಡುತ್ತಿದ್ದಾನೆ, ನಿನ್ನನ್ನು ಕೇಳಿದ.

ಡಬ್ಬಿಯ ವಿಷಯ ಕೆಟ್ಟದ್ದಾಯಿತು. ನಾನು ಬರೆಯಬಾರದಿತ್ತು.

ಚೆನ್ನಾಗಿ ಊಟ ಮಾಡು.

ತಾತ

ಕೋಲ್ಬಿ ಮರಿ, ಇದು ಅಜ್ಜಿ. ಲಕೋಟೆ ಅಂಟಿಸುವ ಮೊದಲು ಎರಡು ಸಾಲು ಸೇರಿಸುತ್ತಿದ್ದೇನೆ. ಈ ಮನುಷ್ಯ ನಾಲ್ಕು ಪತ್ರ ಬರೆದು ಹರಿದು ಒಲೆಗೆ ಹಾಕಿ ಇದನ್ನು ಕಳಿಸುತ್ತಿದ್ದಾನೆ. ಬಿಡಬೇಡ, ಮತ್ತೆ ಕೇಳು. ಆರ್ಡಿಸ್.


ಲೂಯಿವಿಲ್
ನವೆಂಬರ್ 19

ತಾತಾ,

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಾನು ಬರುವುದಿಲ್ಲ. ನಮಗೆ ಅಭ್ಯಾಸವಿದೆ, ಇಲ್ಲದಿದ್ದರೂ ಬರುತ್ತಿರಲಿಲ್ಲ.

ನಿನ್ನೆ ಆ ರಟ್ಟು ಹಿಡಿಯುವ ಸಹಾಯಕ ಕೇಳಿದ, "ನಿಂಗೆ ಚಿತ್ರ ನೋಡಿ ಆಡೋದು ಯಾರು ಕಲಿಸಿದ್ರು ಮಾರಾಯಾ? ಕಾಲೇಜಲ್ಲಾ?" ಅಲ್ಲ, ಹೈಸ್ಕೂಲಿನಿಂದಲೇ ಅಂದೆ. ಅವನು ನಂಬಲಿಲ್ಲ. ಹತ್ತು ವರ್ಷದ ಹಿಂದೆ ಯಾವ ಹೈಸ್ಕೂಲಿನಲ್ಲೂ ಹಲಗೆ ಇರಲಿಲ್ಲವಂತೆ.

ಆಮೇಲೆ ಕೂತು ಯೋಚನೆ ಮಾಡಿದೆ. ನಮ್ಮ ಜಿಲ್ಲೆಯ ಎಲ್ಲ ಊರಿನ ಹುಡುಗರೂ ಬಾಯಲ್ಲೇ ಕೂಗಿ ಹೇಳುತ್ತಿದ್ದರು. ನನಗಿಂತ ಹಿಂದಿನ ವರ್ಷ ನಮ್ಮ ಶಾಲೆಯ ಹುಡುಗನೂ ಹಾಗೇ ಹೇಳುತ್ತಿದ್ದ. ನಾನು ಒಂಬತ್ತನೇ ಕ್ಲಾಸಿಗೆ ಬಂದ ವಾರವೇ ಹಾರ್ವಿ ಡಂಕೆಲ್ ಕೈಯಲ್ಲಿ ಹಲಗೆಗಳು ಪ್ರತ್ಯಕ್ಷವಾದವು. ಹಾರ್ವಿಗೆ ಸರಿಯಾಗಿ ಒಂದು ಗೆರೆ ಎಳೆಯಲು ಬರುವುದಿಲ್ಲ. ಆ ಹಳದಿ ಎತ್ತಿನ ತಲೆಯ ಕಿವಿ ಒಂದು ಮೇಲೆ, ಒಂದು ಕೆಳಗೆ ಇತ್ತು. ಹರಾಜುಮನೆಯ ಬೋರ್ಡಿನಲ್ಲಿರುವ ಎತ್ತಿಗೂ ಹಾಗೇ ಇದೆ. ಅದನ್ನು ಬರೆದದ್ದು ಅಜ್ಜಿ.

ಕಾಲೇಜಿನ ಕೋಚ್ ನನ್ನನ್ನು ಹುಡುಕಿಕೊಂಡು ಬಂದದ್ದೇ ಆ ಹಲಗೆಗಳ ಸುದ್ದಿ ಕೇಳಿ. ಪರೀಕ್ಷೆಯ ವಾರದಲ್ಲಿ ಲೂಯಿವಿಲ್ಲಿನವರು ನನ್ನನ್ನು ಬಿಳಿ ಬೋರ್ಡಿನ ಮುಂದೆ ನಿಲ್ಲಿಸಿ ಪೆನ್ನು ಕೊಟ್ಟರು, ಇಪ್ಪತ್ತು ನಡೆ ಬರೆದು ತೋರಿಸಿದೆ, ಕೈಕುಲುಕಿದರು. ಬಾಯಿಬಿಟ್ಟು ಹೇಳು ಅನ್ನಲಿಲ್ಲ. ಎಲ್ಲರೂ ನಾನು ಎಸೆಯುವುದನ್ನು ನೋಡುತ್ತಾ ನಿಂತುಬಿಟ್ಟರು.

ಹಲಗೆ ಯಾರ ಯೋಚನೆ ತಾತಾ? ಹಿಮದ ಸುದ್ದಿ ಬರೆಯಬೇಡ.

ಕೋಲ್ಬಿ


ಹಾರ್ಲನ್ ಫ್ಲಾಟ್
ಡಿಸೆಂಬರ್ 8

ಕೋಲ್ಬಿ,

ನನ್ನ ಯೋಚನೆ.

ಪೂರ್ತಿ ಬರೆಯುತ್ತೇನೆ, ನಡುವೆ ನಿಲ್ಲಿಸಿದರೆ ಮತ್ತೆ ಒಲೆಗೆ ಹೋಗುತ್ತದೆ. ನಿನಗೆ ಹನ್ನೆರಡು ವರ್ಷ. ನಿನ್ನ ಅಮ್ಮ ನಿನ್ನನ್ನು ನಮ್ಮ ಹತ್ತಿರ ಬಿಟ್ಟು ಡೆನ್ವರಿಗೆ ಹೋಗಿ ಐದನೇ ವರ್ಷ. ನೀನು ಐದು ವರ್ಷವೂ ಹರಾಜಿನ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂತು ಅಂಕಿಗಳನ್ನು ನನ್ನ ಹಾಗೆಯೇ ಉರುಳಿಸುತ್ತಿದ್ದೆ. ನನಗೆ ಹೆಮ್ಮೆ ತಡೆಯಲಾಗುತ್ತಿರಲಿಲ್ಲ. ವಸಂತದ ದೊಡ್ಡ ಹರಾಜಿನ ದಿನ, ಮುನ್ನೂರು ಜನರ ಮುಂದೆ, ಕೊನೆಯ ಹತ್ತು ಕರುಗಳಿಗೆ ಮೈಕನ್ನು ನಿನ್ನ ಕೈಗೆ ಕೊಟ್ಟೆ. ನಿನ್ನನ್ನು ಕೇಳಲೂ ಇಲ್ಲ, ಕೊಟ್ಟುಬಿಟ್ಟೆ.

ನೀನು ಏಳು ಕರು ಮಾರಿದೆ. ಚೆನ್ನಾಗಿ ಮಾರಿದೆ. ಎಂಟನೆಯದಕ್ಕೆ ಮೇಲಿನ ಸಾಲಿನಲ್ಲಿ ಯಾರೋ ಏನೋ ಅಂದು ನಕ್ಕರು. ನೀನು ನಿಂತೆ. ಬಾಯಿ ತೆರೆದೇ ಇತ್ತು, ಮಾತಿರಲಿಲ್ಲ. ನಾನು ಮೈಕು ಕಿತ್ತುಕೊಂಡು ಉಳಿದ ಮೂರನ್ನೂ ನಾನೇ ಮಾರಿದೆ. "ಹುಡುಗನಿಗೆ ಹೊಟ್ಟೆ ಹಸಿದಿದೆ, ನಾಲಿಗೆ ನುಂಗಿಬಿಟ್ಟ" ಅಂತ ಮೈಕಿನಲ್ಲೇ ಹೇಳಿದೆ. ಎಲ್ಲರೂ ನಕ್ಕರು. ನಿನ್ನನ್ನು ಕಾಪಾಡಿದೆ ಅಂದುಕೊಂಡಿದ್ದೆ. ತುಂಬ ಹೊತ್ತು ಕಾದೆ ಅಂತ ಇಷ್ಟು ವರ್ಷವೂ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಿನ್ನ ಪತ್ರ ಬಂದ ಮೇಲೆ ಆರ್ಡಿಸ್‌ಳನ್ನು ಕೇಳಿದೆ. ಅವಳು ಬೆರಳು ಮಡಿಸಿ ತೋರಿಸಿದಳು. ನಾಲ್ಕು. "ನಾಲ್ಕು ಸೆಕೆಂಡೂ ಕಾಯಲಿಲ್ಲ ನೀವು" ಅಂದಳು.

ಆಮೇಲೆ ನೀನು ಕಟ್ಟೆ ಹತ್ತಲಿಲ್ಲ. ನಾಲ್ಕು ಜನರ ಮುಂದೆ ಜೋರಾಗಿ ಮಾತಾಡಲಿಲ್ಲ. ಆದರೆ ನಿನ್ನ ತೋಳು ಬೆಳೆಯಿತು, ಚೆಂಡು ಹಿಡಿದರೆ ಇಡೀ ಊರು ಬಾಯಿಬಿಟ್ಟು ನೋಡುತ್ತಿತ್ತು. ಹಾರ್ವಿ ನಿನ್ನನ್ನೇ ಕ್ವಾರ್ಟರ್‌ಬ್ಯಾಕ್ ಮಾಡುತ್ತೇನೆ ಅಂದಾಗ ನಾನು ಅವನ ಮನೆಗೆ ಹೋದೆ. "ಹುಡುಗನ ಕೈಲಿ ಕೂಗಿಸ್ಬೇಡ ಹಾರ್ವಿ, ಅವನಿಗೆ ಅದು ಆಗಲ್ಲ. ಬೇರೆ ಏನಾದ್ರೂ ದಾರಿ ಮಾಡೋಣ" ಅಂದೆ. ಹಾರ್ವಿ, "ಕೂಗದೆ ಹೆಂಗಪ್ಪಾ?" ಅಂದ. ಅವತ್ತೇ ಆರ್ಡಿಸ್ ಹಳೇ ಹರಾಜು ಬೋರ್ಡುಗಳನ್ನು ತಿರುಗಿಸಿ ಅವುಗಳ ಬೆನ್ನ ಮೇಲೆ ಚಿತ್ರ ಬರೆದಳು. ಅವಳು ಬೇಡ ಅಂದಿದ್ದಳು, ನಾನು ಹಟ ಮಾಡಿದೆ.

ನೀನು ಗೆದ್ದೆ. ಗೆದ್ದವನನ್ನು ಯಾರೂ ತಿದ್ದುವುದಿಲ್ಲ. ಹಾರ್ವಿ ತಿದ್ದಲಿಲ್ಲ, ಕಾಲೇಜಿನವರು ತಿದ್ದಲಿಲ್ಲ, ಅವರಿಗೆಲ್ಲ ನಿನ್ನ ತೋಳೇ ಸಾಕಾಗಿತ್ತು. ಒಬ್ಬರಾದ ಮೇಲೊಬ್ಬರು ನಿನ್ನ ಬಾಯಿಯ ಕೆಲಸವನ್ನು ಮುಚ್ಚಿಟ್ಟು ಮುಂದಿನವರ ಕೈಗೆ ದಾಟಿಸಿದೆವು. ಮೊದಲು ಮುಚ್ಚಿಟ್ಟವನು ನಾನು. ಇಷ್ಟು ಮಾಡಿದವನು ಸೆಪ್ಟೆಂಬರಿನಿಂದ ಇಲ್ಲಿ ಕೂತು ನಿನ್ನನ್ನೇ ಬೈಯುತ್ತಿದ್ದೇನೆ.

ನಿನ್ನನ್ನು ಕೆಡಿಸಿದವನು ನಾನು ಕೋಲ್ಬಿ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂದಿದೆ ಅಂತ ಬರೆಯಲು ಬರುವುದಿಲ್ಲ. ಕ್ಷಮಿಸು ಅಂತ ಕೇಳುತ್ತೇನೆ, ಕ್ಷಮಿಸುವುದು ಬಿಡುವುದು ನಿನಗೆ ಸೇರಿದ್ದು.

ತಾತ


ಲೂಯಿವಿಲ್
ಜನವರಿ 9, 2015

ತಾತಾ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆದಿದ್ದರೆ ಕೆಟ್ಟದಾಗಿ ಬರೆಯುತ್ತಿದ್ದೆ.

ಮೊದಲು ಸುದ್ದಿ. ಸೋಮವಾರ ಕ್ಲಬ್ಬಿನವರು ನನ್ನನ್ನು ಬಿಟ್ಟರು. ಬ್ರಾಂಡ್ಟ್ ಬಾಗಿಲವರೆಗೆ ಬಂದರು. "ನಿನ್ನನ್ನ ಆರಿಸಿದ್ದು ನಂದೇ ತಪ್ಪು ಅಂತ ಎಲ್ಲಾ ಕಡೆ ಬರೀತಾರೆ. ಬರ್ಕೊಳ್ಳಲಿ. ಆದ್ರೆ ನಿಮ್ಮ ತಾತ ಕೇಳಿದ್ದು ಸರಿ ಕಣೋ, ನಿನ್ನ ಕೂಗು ನಾವು ಒಂದ್ಸಲನೂ ಕೇಳಿರ್ಲಿಲ್ಲ" ಅಂದರು. ನಿನ್ನ ಮೂರು ಪುಟ ಅವರ ಮೇಜಿನ ಖಾನೆಯಲ್ಲೇ ಇದೆಯಂತೆ.

ಎರಡು ಕಡೆಯಿಂದ ಕರೆ ಬಂದಿದೆ. ಒಂದು ಈ ದೇಶದ್ದೇ ಇನ್ನೊಂದು ಕ್ಲಬ್ಬು. ಬುಧವಾರದ ಕೆಲಸ, ರಟ್ಟು ನೋಡಿ ಎಸೆಯುವುದು. ನನ್ನಷ್ಟು ಚೆನ್ನಾಗಿ ಅದನ್ನು ಮಾಡುವವರು ಇಲ್ಲವಂತೆ, ಬೇಕಾದರೆ ಹತ್ತು ವರ್ಷ ಇರಬಹುದಂತೆ. ಭಾನುವಾರ ಆಡಿಸುವುದಿಲ್ಲ. ಇನ್ನೊಂದು ಕೆನಡಾದ ಸಸ್ಕಾಟೂನ್. ಸಣ್ಣ ತಂಡ, ಸಣ್ಣ ಊರು, ಚಳಿ ನಮ್ಮೂರಿಗಿಂತ ಜಾಸ್ತಿ. ಅಲ್ಲಿ ಆಡಿಸುತ್ತಾರೆ, ಆದರೆ ನಡೆ ಹೇಳುವುದು ನಾನೇ. ಹಲಗೆ ಇಲ್ಲ, ರೇಡಿಯೊ ಕೂಡ ಇಲ್ಲ. ಫೆಬ್ರವರಿ ಹದಿನೈದರೊಳಗೆ ಹೇಳಬೇಕು.

ನೀನು ಕ್ಷಮೆ ಕೇಳಿದೆ. ಅದನ್ನು ಸ್ವಲ್ಪ ದಿನ ಪಕ್ಕಕ್ಕಿಡುತ್ತೇನೆ. ನನಗೆ ಇನ್ನೂ ಸಿಟ್ಟಿದೆ. ಮೈಕು ಕಿತ್ತುಕೊಂಡದ್ದಕ್ಕೆ ಅಷ್ಟಿಲ್ಲ. ನನಗೆ ಆಗುವುದಿಲ್ಲ ಅಂತ ನೀನು ಹಾರ್ವಿಗೆ ಹೇಳಿದೆಯಲ್ಲ, ಅದಕ್ಕೆ. ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಈಗ ನನಗೆ ಬೇಕಾದದ್ದು ಇದು. ಫೆಬ್ರವರಿಯ ಎರಡನೇ ಗುರುವಾರದ ಹರಾಜಿನಲ್ಲಿ ಮೈಕು ನನಗೆ ಕೊಡು. ನಲವತ್ತು ಕರು. ನೀನು ಮೊದಲಿನ ಹಾಗೆ ಪಕ್ಕದಲ್ಲೇ ಕೂರಬೇಕು, ಕೈಗೆಟುಕುವಷ್ಟು ಹತ್ತಿರ. ನಾನು ನಿಂತರೆ ಮುಟ್ಟಬಾರದು. ಸಂಜೆಯವರೆಗೆ ನಿಂತರೂ ಮುಟ್ಟಬಾರದು. ಅವತ್ತು ಏನಾಗುತ್ತದೋ ನೋಡಿಕೊಂಡು ಯಾವ ಊರಿಗೆ ಹೋಗುವುದು ಅಂತ ತೀರ್ಮಾನಿಸುತ್ತೇನೆ.

ಕೋಲ್ಬಿ


ಹಾರ್ಲನ್ ಫ್ಲಾಟ್
ಜನವರಿ 16

ಕೋಲ್ಬಿ,

ಗುರುವಾರ, ಫೆಬ್ರವರಿ 12, ಹನ್ನೊಂದು ಗಂಟೆ. ಮೈಕು ನಿನ್ನದು. ಡ್ವೇನ್ ಮುಖ ಊದಿಸಿಕೊಂಡಿದ್ದಾನೆ, ಊದಿಸಿಕೊಳ್ಳಲಿ.

ತಾತ


ಹಾರ್ಲನ್ ಫ್ಲಾಟ್
ಗುರುವಾರ, ಫೆಬ್ರವರಿ 12

ಕೋಲ್ಬಿ,

ಇದು ನಿನಗೆ ಸಸ್ಕಾಟೂನಿನಲ್ಲಿ ತಲುಪುತ್ತದೆ. ಹರಾಜು ಮುಗಿದ ಕೂಡಲೇ ಜನ ನಿನ್ನನ್ನು ಮುತ್ತಿಕೊಂಡರು, ಆಮೇಲೆ ವಿಮಾನ ಹಿಡಿಯಲು ಓಮಾಹಾಕ್ಕೆ ಹೊರಟುಬಿಟ್ಟೆ. ಕಾರಿನ ಬಾಗಿಲಲ್ಲಿ ನನ್ನ ಕಡೆ ತಿರುಗಿ, ನನಗೆ ಕಾಣುವ ಹಾಗೆ ನಿಧಾನವಾಗಿ ಆ ಊರಿನ ಹೆಸರು ಹೇಳಿದೆ. ನಾನು ತಲೆಯಾಡಿಸಿದೆ ಅಷ್ಟೇ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ನೀನು ಅಷ್ಟೇನೂ ಚೆನ್ನಾಗಿ ಕೂಗಲಿಲ್ಲ. ಇದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮತ್ತೆ ಹಳೇ ಕೆಲಸವನ್ನೇ ಮಾಡಿದ ಹಾಗಾಗುತ್ತದೆ. ಎಡಗಡೆ ಬೆಂಚಿನಲ್ಲಿ ಟೋಪಿ ಅಲ್ಲಾಡಿಸಿದ ನೆಲ್ಸ್ ಫ್ರಾಂಡ್ಸೆನ್‌ನನ್ನು ಎರಡು ಸಲ ನೋಡಲೇ ಇಲ್ಲ. ಅವನು ಕೆಫೆಯಲ್ಲಿ ಇನ್ನೂ ಗೊಣಗುತ್ತಿದ್ದಾನೆ. ಆರನೇ ಕರುವಿನ ತೂಕ ತಪ್ಪು ಹೇಳಿದೆ. "ಅವಸರ ಮಾಡ್ತಾನೆ, ಉಸಿರು ತಗೊಳ್ಳಲ್ಲ" ಅಂದಳು ಆರ್ಡಿಸ್. ಅವಳಿಗೆ ಕೇಳಿಸುತ್ತದೆ, ಅವಳ ಮಾತು ನಂಬು.

ಹದಿನಾಲ್ಕನೆಯ ಕರು ಒಳಗೆ ಬಂತು, ಆ ಬಿಳಿ ಮುಖದ್ದು. ನೀನು ಬಾಯಿ ತೆರೆದೆ, ನಿಂತೆ.

ನನಗೆ ಪಕ್ಕದಿಂದ ನಿನ್ನ ಬಾಯಿ ಪೂರ್ತಿ ಕಾಣುತ್ತಿತ್ತು. ಹನ್ನೆರಡು ವರ್ಷದವನದೇ ಬಾಯಿ. ಕರು ಒಂದು ಸುತ್ತು ಹಾಕಿತು. ಮೇಲಿನ ಸಾಲಿನಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೈಕು ನನ್ನ ಬಲಗೈಯಿಂದ ಒಂದು ಗೇಣು ದೂರದಲ್ಲಿತ್ತು. ನಲವತ್ತೊಂದು ವರ್ಷ ಖಾಲಿ ಹೊತ್ತನ್ನು ತುಂಬಿದ ಕೈ ಅದು, ನನ್ನನ್ನು ಕೇಳದೆ ತಾನೇ ಎದ್ದಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ಕೂತುಬಿಟ್ಟೆ.

ಆ ಕಡೆಯಿಂದ ಡ್ವೇನ್ ಕೈ ಚಾಚಿದ. ಮೇಜಿನ ಕೆಳಗೆ ಅವನ ಮೊಣಕಾಲಿಗೆ ಒದ್ದೆ. ಬಾತುಕೊಂಡಿದೆಯಂತೆ, ಆಮೇಲೆ ತೋರಿಸಿದ.

ಕರು ಎರಡನೇ ಸುತ್ತು ಹಾಕಿತು. ನೀನು ನನ್ನ ಕಡೆ ನೋಡಿದೆ. ನಾನು ಎದ್ದೇಳುತ್ತೇನೋ ಅಂತ ನೀನು ನೋಡಿದ್ದು ನನಗೆ ಗೊತ್ತು. ನನ್ನ ಕೈಗಳು ಎಲ್ಲಿವೆ ಅಂತ ನಿನಗೆ ಕಾಣಿಸಿತು. ನೀನು ನಗಲಿಲ್ಲ, ಆದರೆ ಭುಜ ಸ್ವಲ್ಪ ಕೆಳಗಿಳಿಯಿತು. ಉಸಿರು ತೆಗೆದುಕೊಂಡೆ. ಕರುವಿನ ತೂಕದಿಂದ ಮತ್ತೆ ಶುರು ಮಾಡಿದೆ.

ಆರ್ಡಿಸ್ ಗೋಡೆ ಗಡಿಯಾರ ನೋಡಿಕೊಂಡಿದ್ದಳು. ಇಪ್ಪತ್ತಾರು ಸೆಕೆಂಡು. ಅಷ್ಟು ಉದ್ದದ ಇಪ್ಪತ್ತಾರು ಸೆಕೆಂಡನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಸಸ್ಕಾಟೂನಿನಲ್ಲಿ ನಿನಗೆ ಅಷ್ಟು ಹೊತ್ತು ಸಿಗುವುದಿಲ್ಲ. ಇಪ್ಪತ್ತಾರನ್ನು ಹತ್ತಕ್ಕೆ ತರಬೇಕು, ಆಮೇಲೆ ನಾಲ್ಕಕ್ಕೆ. ಅದು ನಿನ್ನ ಕೆಲಸ, ನಾನು ಅದರಲ್ಲಿ ಮೂಗು ತೂರಿಸುವುದಿಲ್ಲ. ಅಲ್ಲಿನ ಕೋಚ್‌ಗೆ ಪತ್ರವನ್ನೂ ಬರೆಯುವುದಿಲ್ಲ, ವಿಳಾಸ ಸಿಕ್ಕರೂ ಬರೆಯುವುದಿಲ್ಲ.

ಅಕ್ಷರ ಸೊಟ್ಟಪಟ್ಟ ಆಗಿದ್ದರೆ ಬೈಯಬೇಡ. ಕೈ ಎರಡೂ ಜೋಮು ಹಿಡಿದು ಇನ್ನೂ ನೆಟ್ಟಗಾಗಿಲ್ಲ. ನೀನು ಬಿಳಿ ಮುಖದ ಕರು ಮಾರಿದ ಮೇಲೆ ತೆಗೆಯಬಹುದಿತ್ತು. ಯಾವುದಕ್ಕೂ ಇರಲಿ ಅಂತ ನಲವತ್ತನೆಯ ಕರು ಹೊರಗೆ ಹೋಗುವವರೆಗೂ ಅವುಗಳ ಮೇಲೆಯೇ ಕೂತಿದ್ದೆ.

ತಾತ